ದುಂಡು ಕಣ್ಣಿನ ಗಂಡು ಒಂದೂ ಇರಲಿಲ್ಲ

ನೊಣಗಳ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಜನ ಮೊದಲು ಕೇಳುವುದು, "ನೊಣಕ್ಕೂ ಗಡ್ಡೆ ಆಗುತ್ತಾ?" ಅಂತ. ಆಗುತ್ತೆ ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಹಾಗಾದ್ರೆ ಅದು ಮಕ್ಕಳಿಗೂ ಹೋಗುತ್ತಾ?" ಈ ಎರಡನೇ ಪ್ರಶ್ನೆ ನೊಣದ ಬಗ್ಗೆ ಅಲ್ಲ ಅನ್ನುವುದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು.

ಈ ಪ್ರಶ್ನೆಯ ಹಿಂದೆ ನಾನು ಒಂದೂವರೆ ವರ್ಷ ಕಳೆದೆ. ಒಂದೇ ರಾಸಾಯನಿಕ, ಒಂದೇ ಜಾತಿಯ ನೊಣ. ಒಂದು ಕಡೆ ಮೈಮೇಲೆ ಎದ್ದ ಗಡ್ಡೆಗಳನ್ನು ಎಣಿಸಿದೆ. ಇನ್ನೊಂದು ಕಡೆ ಮುಂದಿನ ತಲೆಮಾರಿಗೆ ಇಳಿಯುವ ಮ್ಯುಟೇಶನ್‌ಗಳನ್ನು, ಅಂದರೆ ಜೀನುಗಳಲ್ಲಿ ಆಗುವ ಬದಲಾವಣೆಗಳನ್ನು, ಎಣಿಸಿದೆ. ಆ ಎಣಿಕೆ ಹೇಗೆ ನಡೆಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೊಣದ ಹೆಸರು ಡ್ರೊಸಾಫಿಲಾ ಮೆಲನೊಗ್ಯಾಸ್ಟರ್. ಮಾಗಿದ ಹಣ್ಣಿನ ಸುತ್ತ ಸುಳಿಯುವ ಸಣ್ಣ ನೊಣ. ಉದ್ದ ಸುಮಾರು 3 ಮಿಲಿಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮೊಟ್ಟೆ ಇಟ್ಟ 10ನೇ ದಿನಕ್ಕೆ ಹೊಸ ನೊಣ ಹೊರಗೆ ಬರುತ್ತದೆ. ಇರುವುದು ನಾಲ್ಕೇ ಜೋಡಿ ಕ್ರೋಮೋಸೋಮ್, ಅಂದರೆ ಜೀನುಗಳನ್ನು ಹೊತ್ತ ಎಳೆಗಳು. ಅಜ್ಜನಿಗೆ ಕೊಟ್ಟ ವಿಷದ ಗುರುತನ್ನು ಒಂದೇ ತಿಂಗಳಲ್ಲಿ ಮೊಮ್ಮಕ್ಕಳಲ್ಲಿ ನೋಡಬಹುದು. ಹೆಚ್ಚಿನ ಪ್ರಾಣಿಗಳಲ್ಲಿ ಇದು ಇಷ್ಟು ಸುಲಭವಲ್ಲ.

ಬಾಟಲಿ ಮುಟ್ಟುವ ಮೊದಲು ಎರಡು ತಿಂಗಳು ಬರೀ ಓದು. ನನ್ನ ಗೈಡ್ ಆಗಿದ್ದ ಮೇಡಂ ಹಾಗೇ ಹೇಳಿದ್ದರು: "ಮೊದಲು ಹಳಬರು ಎಲ್ಲಿ ಎಡವಿದ್ರು ಅಂತ ನೋಡಮ್ಮ, ಆಮೇಲೆ ಗ್ಲೌಸ್ ಹಾಕ್ಕೋ." ಮೇರಿ ಸ್ಟಾರ್ಕ್ 1918ರಲ್ಲೇ ಈ ನೊಣದಲ್ಲಿ ವಂಶದ ಜೊತೆ ಹರಿಯುವ ಗಡ್ಡೆಯ ಬಗ್ಗೆ ಬರೆದಿದ್ದರು. ಮರಿಹುಳುವಿನ ಮೈಯೊಳಗೆ ಕಾಣುವ ಕಪ್ಪು ಗಂಟುಗಳು ಅವು. 1927ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್‌ರೇ ಹಾಯಿಸಿದರೆ ಮ್ಯುಟೇಶನ್ ಹೆಚ್ಚುತ್ತದೆ ಅಂತ ಇದೇ ನೊಣದಲ್ಲಿ ತೋರಿಸಿದರು. ಅದಕ್ಕೆ 1946ರಲ್ಲಿ ನೊಬೆಲ್ ಬಂತು.

ರಾಸಾಯನಿಕದಿಂದಲೂ ಇದು ಆಗುತ್ತೆ ಅಂತ ಗಟ್ಟಿಯಾಗಿ ತೋರಿಸಿದ್ದು ಶಾರ್ಲಟ್ ಔರ್‌ಬಾಕ್. ನಾಜಿ ಜರ್ಮನಿ ಬಿಟ್ಟು ಎಡಿನ್‌ಬರೋಗೆ ಬಂದಿದ್ದ ಯಹೂದಿ ಹೆಣ್ಣುಮಗಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜೆ. ಎಂ. ರಾಬ್ಸನ್ ಜೊತೆ ಸೇರಿ ಮಸ್ಟರ್ಡ್ ಗ್ಯಾಸ್ ಅನ್ನುವ ಯುದ್ಧದ ವಿಷಾನಿಲದ ಮೇಲೆ ಕೆಲಸ ಮಾಡಿದರು. ಮಸ್ಟರ್ಡ್ ಗ್ಯಾಸ್ ತಗುಲಿದ ಸುಟ್ಟಗಾಯ ಎಕ್ಸ್‌ರೇಯಿಂದಾದ ಗಾಯದ ಹಾಗೇ ಇರುತ್ತದೆ, ಬೇಗ ಮಾಯುವುದಿಲ್ಲ. ಗಾಯ ಒಂದೇ ಥರ ಇದ್ದರೆ ಒಳಗೆ ಆಗುವ ಪೆಟ್ಟೂ ಒಂದೇ ಥರ ಇರಬಹುದಲ್ವಾ? ಆ ಒಂದು ಊಹೆಯ ಬೆನ್ನು ಹತ್ತಿ ಹೋದರು. ಊಹೆ ನಿಜವಾಯಿತು. ಯುದ್ಧ ಮುಗಿಯುವವರೆಗೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆ ಕೆಲಸದಲ್ಲಿ ಔರ್‌ಬಾಕ್ ಕೈಗಳೇ ಸುಟ್ಟಿದ್ದವು. ಗ್ಲೌಸ್ ಹಾಕಿಕೊಳ್ಳುವಾಗೆಲ್ಲ ನನಗೆ ಅವರ ಕೈ ನೆನಪಾಗುತ್ತದೆ.

ಹಳಬರು ಎಡವಿದ ಜಾಗವೂ ಸಿಕ್ಕಿತು. 1940 ಮತ್ತು 50ರ ದಶಕಗಳಲ್ಲಿ ವಾಲ್ಟರ್ ಬರ್ಡೆಟ್ ಅಂಥವರು ಗಡ್ಡೆಯನ್ನೂ ಮ್ಯುಟೇಶನ್ನನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಲು ನೋಡಿದರು. ಎರಡೂ ಸರಿಯಾಗಿ ತಾಳೆ ಬೀಳಲಿಲ್ಲ. ಆಗ ಎಣಿಸುತ್ತಿದ್ದದ್ದು ಆ ಕಪ್ಪು ಗಂಟುಗಳನ್ನು. ಅವುಗಳಲ್ಲಿ ಎಷ್ಟೋ ನಿಜವಾದ ಗಡ್ಡೆಗಳೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನೊಣದ ರಕ್ತಕಣಗಳು ಏನನ್ನೋ ಸುತ್ತುವರಿದು, ಮೇಲೆ ಮೆಲನಿನ್ ಅನ್ನುವ ಕಪ್ಪು ಬಣ್ಣ ಮೆತ್ತಿಕೊಂಡು ಗಟ್ಟಿಯಾದ ಉಂಡೆಗಳು ಅವು. ಎಣಿಸುವ ವಸ್ತುವೇ ಬೇರೆಯಾಗಿದ್ದರೆ ಲೆಕ್ಕ ಹೇಗೆ ಕೂಡುತ್ತದೆ? ಅದಕ್ಕೇ ನಾವು ಕಪ್ಪು ಗಂಟನ್ನು ಬಿಟ್ಟು, ಚರ್ಮದ ಜೀವಕೋಶಗಳೇ ಲಂಗುಲಗಾಮಿಲ್ಲದೆ ಬೆಳೆದು ಆಗುವ ಗಡ್ಡೆಯನ್ನು ಆರಿಸಿಕೊಂಡೆವು.

ನಾನು ಬಳಸಿದ ರಾಸಾಯನಿಕ ಈಥೈಲ್ ಮೀಥೇನ್ ಸಲ್ಫೋನೇಟ್. ಎಲ್ಲರೂ ಇಎಂಎಸ್ ಅನ್ನುತ್ತಾರೆ. ನೋಡಲು ನೀರಿನ ಹಾಗೇ ಇದೆ, ಬಣ್ಣವಿಲ್ಲ. ಆದರೆ ನೀರಿಗಿಂತ ಭಾರ. ಮೊದಲ ಸಲ ನಾನು ಎಡವಿದ್ದು ಇಲ್ಲೇ.

ಡಿಎನ್‌ಎಯಲ್ಲಿ ಗ್ವಾನಿನ್ ಅನ್ನುವ ಅಕ್ಷರಕ್ಕೆ ಇದು ಒಂದು ಸಣ್ಣ ಬಾಲ ಅಂಟಿಸುತ್ತದೆ. ಬಾಲ ಅಂಟಿದ ಗ್ವಾನಿನ್ ತನ್ನ ಜೋಡಿ ಸೈಟೊಸಿನ್ ಬಿಟ್ಟು ಥೈಮಿನ್ ಕೈ ಹಿಡಿಯುತ್ತದೆ. ಮುಂದಿನ ನಕಲಿನಲ್ಲಿ ಜಿ-ಸಿ ಇದ್ದ ಜಾಗದಲ್ಲಿ ಎ-ಟಿ ಬಂದು ಕೂರುತ್ತದೆ. ಒಂದೇ ಒಂದು ಅಕ್ಷರದ ತಪ್ಪು. ಹೆಚ್ಚಾಗಿ ಕ್ರೋಮೋಸೋಮ್ ಮುರಿಯುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ.

ಗಂಡು ನೊಣಕ್ಕೆ ಇದನ್ನು ಕುಡಿಸುವ ಕ್ರಮವನ್ನು 1968ರಲ್ಲಿ ಲೂಯಿಸ್ ಮತ್ತು ಬಾಕರ್ (Bacher) ಬರೆದಿಟ್ಟಿದ್ದಾರೆ. ಇವತ್ತಿಗೂ ಎಲ್ಲರೂ ಅದನ್ನೇ ಅನುಸರಿಸುತ್ತಾರೆ. ಶೇಕಡಾ 1ರ ಸಕ್ಕರೆ ನೀರಿನಲ್ಲಿ 25 ಮಿಲಿಮೋಲಾರ್ ಇಎಂಎಸ್. 100 ಮಿಲಿಲೀಟರ್‌ಗೆ ಹೆಚ್ಚುಕಮ್ಮಿ ಕಾಲು ಮಿಲಿಲೀಟರ್ ಸಾಕು. ಗಂಡುಗಳನ್ನು ಕೆಲವು ಗಂಟೆ ಉಪವಾಸ ಇಟ್ಟು, ಆ ನೀರಲ್ಲಿ ನೆನೆಸಿದ ಫಿಲ್ಟರ್ ಪೇಪರ್ ಇರುವ ಬಾಟಲಿಗೆ ಬಿಡಬೇಕು. ಬಾಯಾರಿದ ನೊಣಗಳು ಕಾಗದಕ್ಕೆ ಮೂತಿ ಹಚ್ಚಿ ಕುಡಿಯುತ್ತವೆ. ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಹೊಸ ಬಾಟಲಿಗೆ ಹಾಕಿ ಒಂದು ದಿನ ಮೈ ಶುದ್ಧ ಆಗಲು ಕಾಯಬೇಕು.

ಎಲ್ಲವೂ ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ, ಎರಡೆರಡು ಗ್ಲೌಸ್ ಹಾಕಿಕೊಂಡು. ಮುಟ್ಟಿದ ಪ್ರತಿಯೊಂದು ವಸ್ತುವೂ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಒಂದು ದಿನ ಮುಳುಗಿರಬೇಕು, ಇಎಂಎಸ್ ಸಾಯುವುದು ಅದರಲ್ಲೇ. ನೊಣಕ್ಕೆ ಮಾಡುವುದನ್ನು ಇದು ನನಗೂ ಮಾಡಬಲ್ಲದು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಪಟ್ಟಿಯಲ್ಲಿ, 2ಬಿ ಗುಂಪಿನಲ್ಲಿ, ಇದರ ಹೆಸರಿದೆ.

ಮೊದಲ ಸಲ ನಾನು ಸಕ್ಕರೆ ನೀರಿಗೆ ಇಎಂಎಸ್ ಹಾಕಿ, ಎರಡು ಸಲ ಅಲ್ಲಾಡಿಸಿ, ಕರಗಿತು ಅಂದುಕೊಂಡೆ. ಮರುದಿನ ನೋಡಿದರೆ ಎರಡು ಬಾಟಲಿಯ ಗಂಡುಗಳು ಪೂರ್ತಿ ಸತ್ತು ಬಿದ್ದಿದ್ದವು. ಉಳಿದ ನಾಲ್ಕು ಬಾಟಲಿಯವು ಏನೂ ಆಗದ ಹಾಗೆ ಹಾರಾಡುತ್ತಿದ್ದವು. ನಾನು ಅಳುವುದೊಂದು ಬಾಕಿ. ಎಲ್ಲವನ್ನೂ ಥಯೋಸಲ್ಫೇಟ್‌ಗೆ ಸುರಿಯಲು ಹೊರಟಾಗ ಮೇಡಂ ತಡೆದರು. "ಕಾರಣ ಗೊತ್ತಾಗೋವರೆಗೂ ಏನನ್ನೂ ಎಸೀಬೇಡ" ಅಂದರು. ಉಳಿದಿದ್ದ ದ್ರಾವಣದ ಸಿಲಿಂಡರನ್ನು ಹುಡ್ ಒಳಗೇ ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಒಂದು ಸಣ್ಣ ಹನಿ, ಎಣ್ಣೆಯ ಹಾಗೆ ಗುಂಡಗೆ ಕೂತಿತ್ತು. ನಾಲ್ಕು ಬಾಟಲಿಗೆ ಹೋದದ್ದು ಹೆಚ್ಚುಕಮ್ಮಿ ಬರೀ ಸಕ್ಕರೆ ನೀರು. ತಳಕ್ಕೆ ಹತ್ತಿರ ಪಿಪೆಟ್ ಹಾಕಿ ಎಳೆದದ್ದು ಎರಡು ಬಾಟಲಿಯನ್ನು ಕೊಂದಿತ್ತು. ಆಮೇಲಿಂದ ಹನಿ ಪೂರ್ತಿ ಮಾಯವಾಗುವವರೆಗೂ ಸಿರಿಂಜಿನಿಂದ ಎಳೆದು ಬಿಟ್ಟು, ಎಳೆದು ಬಿಟ್ಟು ಬೆರೆಸುತ್ತೇನೆ. ಪ್ರತಿ ಸಲ ಹೊಸದಾಗಿಯೇ ಮಾಡುತ್ತೇನೆ, ಯಾಕೆಂದರೆ ನೀರಲ್ಲಿ ಇಟ್ಟ ಇಎಂಎಸ್ ತಾನಾಗಿಯೇ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ.

ಮೊದಲು ಗಡ್ಡೆಯ ಕಡೆ ಹೇಳುತ್ತೇನೆ, ಅದು ಕಣ್ಣಿಗೆ ಕಾಣುವಂಥದ್ದು.

ವಾರ್ಟ್ಸ್ ಅಂತ ಒಂದು ಜೀನ್ ಇದೆ. 1995ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಇದನ್ನು ವಿವರಿಸಿದವು. ಇದು ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ. ಯಾರ್ಕಿ ಅನ್ನುವ ಇನ್ನೊಂದು ಪ್ರೋಟೀನ್ ಕೋಶದ ನ್ಯೂಕ್ಲಿಯಸ್ ಒಳಗೆ ನುಗ್ಗಿ "ಬೆಳೆ, ಬೆಳೆ" ಅಂತ ಜೀನುಗಳನ್ನು ಎಬ್ಬಿಸದ ಹಾಗೆ ವಾರ್ಟ್ಸ್ ಅದನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ವಾರ್ಟ್ಸ್ ಎರಡೂ ಪ್ರತಿ ಕೆಟ್ಟ ಕೋಶ ತಡೆಯಿಲ್ಲದೆ ಬೆಳೆಯುತ್ತದೆ. ನಮ್ಮ ಮೈಯಲ್ಲೂ ಇದರ ಬಂಧುಗಳಿವೆ, ಲ್ಯಾಟ್ಸ್ 1 ಮತ್ತು ಲ್ಯಾಟ್ಸ್ 2. ಮನುಷ್ಯರ ಲ್ಯಾಟ್ಸ್ 1 ಜೀನನ್ನು ನೊಣಕ್ಕೆ ಹಾಕಿದರೆ, ವಾರ್ಟ್ಸ್ ಇಲ್ಲದೆ ಸಾಯಬೇಕಿದ್ದ ನೊಣ ಬದುಕಿಕೊಳ್ಳುತ್ತದೆ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಪರೀಕ್ಷೆಗೆ ಬೇಕಾದದ್ದು ಒಂದು ಪ್ರತಿ ಕೆಟ್ಟು, ಒಂದು ಪ್ರತಿ ಸರಿಯಿರುವ ಮರಿಹುಳು. ಕೆಟ್ಟ ವಾರ್ಟ್ಸ್ ಇರುವ ಹೆಣ್ಣನ್ನು ಬೇರೊಂದು ತಳಿಯ ಗಂಡಿನ ಜೊತೆ ಕೂಡಿಸುತ್ತೇವೆ. ಹೆಣ್ಣುಗಳು ಮೊದಲೇ ಗಂಡಿನ ಜೊತೆ ಸೇರಿರಬಾರದು. ಅದಕ್ಕೆ ಪ್ಯೂಪಾದಿಂದ, ಅಂದರೆ ಮರಿಹುಳು ನೊಣವಾಗುವ ಗೂಡಿನಿಂದ, ಹೊರಬಂದ 8 ಗಂಟೆಯೊಳಗೆ ಆರಿಸಿ ತೆಗೆಯಬೇಕು. ಈಗಷ್ಟೇ ಹೊರಬಂದ ಹೆಣ್ಣಿನ ಬಣ್ಣ ಇನ್ನೂ ಪೇಲವ. ತೆಳು ಹೊಟ್ಟೆಯ ಚರ್ಮದ ಅಡಿಯಲ್ಲಿ ಒಂದು ಹಸಿರುಗಪ್ಪು ಚುಕ್ಕೆ ಕಾಣುತ್ತದೆ. ಅದು ಮರಿಹುಳುವಾಗಿದ್ದಾಗ ತಿಂದ ಕೊನೆಯ ಊಟದ ಉಳಿಕೆ. ಬೆಳಿಗ್ಗೆ ಬೇಗ ಬಂದು, ಮಧ್ಯಾಹ್ನ ಒಮ್ಮೆ, ರಾತ್ರಿ ಮತ್ತೊಮ್ಮೆ, ಕಾರ್ಬನ್ ಡೈಆಕ್ಸೈಡ್ ಹಾಯುವ ಪ್ಯಾಡ್ ಮೇಲೆ ನಿದ್ದೆ ಹೋದ ನೊಣಗಳನ್ನು ಬ್ರಶ್‌ನಲ್ಲಿ ಸರಿಸುತ್ತಾ ಆ ಚುಕ್ಕೆ ಹುಡುಕುತ್ತಿದ್ದೆ. ಕಣ್ಣು ಮುಚ್ಚಿದರೂ ಚುಕ್ಕೆಯೇ ಕಾಣುತ್ತಿದ್ದ ದಿನಗಳಿದ್ದವು.

ಮೊಟ್ಟೆಗಳು ಒಡೆದು, ಮೂರು ದಿನದ ಮರಿಹುಳುಗಳನ್ನು ಜರಡಿಯಲ್ಲಿ ತೊಳೆದು, ಕಡಿಮೆ ಸಾಂದ್ರತೆಯ ಇಎಂಎಸ್ ಬೆರೆಸಿದ ಆಹಾರಕ್ಕೆ ಬಿಟ್ಟೆ. ಪಕ್ಕದಲ್ಲಿ ಬರೀ ನೀರು ಬೆರೆಸಿದ ಬಾಟಲಿಗಳು. ಆ ವಯಸ್ಸಿನ ಮರಿಹುಳುವಿನ ಒಳಗೆ ಮುಂದೆ ರೆಕ್ಕೆ, ಕಾಲು, ಕಣ್ಣು ಆಗುವ ಸಣ್ಣ ಚೀಲಗಳು ಇರುತ್ತವೆ. ಡಿಸ್ಕ್ ಅನ್ನುತ್ತಾರೆ. ಅವುಗಳ ಕೋಶಗಳು ಭರದಿಂದ ಒಡೆಯುತ್ತಿರುತ್ತವೆ. ಇಎಂಎಸ್ ಪೆಟ್ಟು ಬಿದ್ದು, ಕೋಶ ಅದನ್ನು ರಿಪೇರಿ ಮಾಡುವ ಗಡಿಬಿಡಿಯಲ್ಲಿ ಜೋಡಿ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ಒಂದು ಮರಿಕೋಶಕ್ಕೆ ಎರಡೂ ಕೆಟ್ಟ ಪ್ರತಿಗಳೇ ಸಿಗಬಹುದು. ಆ ಒಂದು ಕೋಶದಿಂದ ಗಡ್ಡೆ ಶುರು.

ಮಕ್ಕಳಲ್ಲಿ ಅರ್ಧದಷ್ಟಕ್ಕೆ ಬೆನ್ನಿನ ಕೂದಲು ಮೋಟಾಗಿರುತ್ತದೆ. ಅವು ತಾಯಿಯಿಂದ ಕೆಟ್ಟ ವಾರ್ಟ್ಸ್ ಬದಲು ಮೋಟು ಕೂದಲಿನ ಗುರುತಿರುವ ಅದರ ಜೋಡಿ ಕ್ರೋಮೋಸೋಮ್ ಪಡೆದವು. ಅವನ್ನು ಪಕ್ಕಕ್ಕಿಟ್ಟು, ಉದ್ದ ಕೂದಲಿನವನ್ನು ಮಾತ್ರ ಒಂದೊಂದಾಗಿ ತಿರುವಿ ನೋಡಬೇಕು. ತಲೆ, ಕಣ್ಣು, ಬೆನ್ನು, ರೆಕ್ಕೆ, ಕಾಲು, ಹೊಟ್ಟೆ.

ನಾನು ಕಂಡ ಮೊದಲ ಗಡ್ಡೆ ಎಡ ರೆಕ್ಕೆಯ ಬುಡದಲ್ಲಿತ್ತು. ರೆಕ್ಕೆ ಅಂದರೆ ಗಾಜಿನ ಹಾಳೆಯ ಹಾಗೆ ಚಪ್ಪಟೆ, ಅದರ ಮೇಲೆ ಬಾಚಿದ ಹಾಗೆ ಒಂದೇ ದಿಕ್ಕಿಗೆ ಮಲಗಿದ ಸೂಕ್ಷ್ಮ ರೋಮಗಳು. ಒಂದು ಜಾಗದಲ್ಲಿ ಆ ಹಾಳೆ ಮುದುಡಿ, ಮಡಿಕೆಯ ಮೇಲೆ ಮಡಿಕೆ ಬಿದ್ದು, ಕಂದು ಬಣ್ಣದ ಹೂಕೋಸಿನ ತುಂಡಿನಂತೆ ಉಬ್ಬಿತ್ತು. ರೋಮಗಳು ಸುಳಿ ಸುತ್ತಿದ್ದವು. ನೊಣ ಬದುಕಿತ್ತು. ಎಚ್ಚರವಾದಾಗ ಬಲ ರೆಕ್ಕೆ ಮಾತ್ರ ಬಡಿದು, ಒಂದೇ ಕಡೆಗೆ ಸುತ್ತುತ್ತಾ ಹಾರಲು ನೋಡಿತು. ಅದನ್ನು ಆಲ್ಕೋಹಾಲ್‌ಗೆ ಹಾಕಲು ಅವತ್ತು ನನಗೆ ಕೈ ಬರಲಿಲ್ಲ.

ನೀರಿನ ಬಾಟಲಿಗಳಲ್ಲೂ ಅಲ್ಲೊಂದು ಇಲ್ಲೊಂದು ಗಡ್ಡೆ ಇತ್ತು. ಒಂದು ಪ್ರತಿ ಮೊದಲೇ ಕೆಟ್ಟಿದ್ದರೆ ಯಾವ ರಾಸಾಯನಿಕವೂ ಇಲ್ಲದೆ ಆಗೊಮ್ಮೆ ಈಗೊಮ್ಮೆ ಹೀಗೆ ಆಗುತ್ತದೆ. ಇಎಂಎಸ್ ಬಾಟಲಿಗಳಲ್ಲಿ ಕಣ್ಣಿಗೆ ಹೊಡೆಯುವಷ್ಟು ಜಾಸ್ತಿ.

ಆ ನೊಣವನ್ನು ಆಲ್ಕೋಹಾಲ್‌ಗೆ ಹಾಕದೇ ಇದ್ದದ್ದರಿಂದ ಮುಂದಿನ ಪ್ರಯೋಗ ಹುಟ್ಟಿತು. ಅದು ಗಂಡು. ಅದರ ಜೊತೆ ಗಡ್ಡೆ ಇದ್ದ ಇನ್ನೂ ಹತ್ತು ಗಂಡುಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ವೈಯಲ್‌ಗೆ (ಸಣ್ಣ ಸೀಸೆಗೆ) ಹಾಕಿ, ಆರೋಗ್ಯವಂತ ಸಾಮಾನ್ಯ ಹೆಣ್ಣುಗಳನ್ನು ಜೊತೆಗೆ ಬಿಟ್ಟೆ. ರೆಕ್ಕೆ ಕೆಟ್ಟಿದ್ದವುಗಳಿಗೆ ಸಂಗಾತಿ ಸಿಗುವುದು ಕಷ್ಟ. ಗಂಡು ನೊಣ ರೆಕ್ಕೆ ಮಿಡಿದು ಹಾಡಿದರೆ ತಾನೇ ಹೆಣ್ಣು ಒಪ್ಪುವುದು! ಕೊನೆಗೆ ಏಳು ವೈಯಲ್‌ಗಳಲ್ಲಿ ಮಕ್ಕಳಾದವು.

ಒಂದೊಂದನ್ನೂ ತಿರುವಿ ನೋಡಿದೆ. ಗಡ್ಡೆ ಇರಲಿಲ್ಲ. ಅಪ್ಪನ ರೆಕ್ಕೆಯ ಮೇಲಿದ್ದದ್ದು ಅಪ್ಪನ ಜೊತೆಗೇ ಮುಗಿದಿತ್ತು. ರೆಕ್ಕೆಯ ಕೋಶ ಎಷ್ಟೇ ಬೆಳೆದರೂ ಅದು ವೀರ್ಯಕ್ಕೆ ಹೋಗುವ ದಾರಿಯಿಲ್ಲ.

ಕೆಲಸವನ್ನು ಅಲ್ಲಿಗೇ ಬಿಟ್ಟಿದ್ದರೆ "ಇಲ್ಲ, ಮಕ್ಕಳಿಗೆ ಹೋಗಲ್ಲ" ಅಂತ ಎಲ್ಲರಿಗೂ ನೆಮ್ಮದಿಯಿಂದ ಹೇಳಿಕೊಂಡು ಓಡಾಡಬಹುದಿತ್ತು. ಆದರೆ ಆ ಮಕ್ಕಳನ್ನು ಮತ್ತೆ ಬೆಳೆಸಿ, ಅವುಗಳ ಮರಿಹುಳುಗಳಿಗೂ ಇಎಂಎಸ್ ಕೊಟ್ಟೆ. ಮತ್ತೆ ಗಡ್ಡೆಗಳು ಎದ್ದವು. ಕೆಟ್ಟ ವಾರ್ಟ್ಸ್ ಪ್ರತಿ ಅಪ್ಪನಿಂದ ಅರ್ಧದಷ್ಟು ಮಕ್ಕಳಿಗೆ ಸದ್ದಿಲ್ಲದೆ ಇಳಿದಿತ್ತು. ಗಡ್ಡೆ ಇಳಿಯಲಿಲ್ಲ, ಗಡ್ಡೆಗೆ ಒಗ್ಗುವ ಮೈ ಇಳಿಯಿತು. ಮನುಷ್ಯರಲ್ಲಿ ಇದನ್ನೇ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಮಕ್ಕಳ ಕಣ್ಣಿನ ಗಡ್ಡೆ ರೆಟಿನೊಬ್ಲಾಸ್ಟೊಮಾ ಲೆಕ್ಕ ಇಟ್ಟುಕೊಂಡು ಹೇಳಿದ್ದರು: ಎರಡು ಪೆಟ್ಟು ಬೇಕು. ಕೆಲವು ಮಕ್ಕಳು ಮೊದಲ ಪೆಟ್ಟನ್ನು ಹುಟ್ಟುವಾಗಲೇ ಹೊತ್ತು ಬಂದಿರುತ್ತಾರೆ.

ಈಗ ಇನ್ನೊಂದು ಕಡೆ. ವೀರ್ಯಕ್ಕೇ ಪೆಟ್ಟು ಬಿದ್ದರೆ?

ಇದನ್ನು ಹಿಡಿಯಲು ಮುಲ್ಲರ್ ಕಟ್ಟಿದ ದಾರಿಯಷ್ಟು ಅಚ್ಚುಕಟ್ಟಾದದ್ದನ್ನು ನಾನು ವಿಜ್ಞಾನದಲ್ಲಿ ಬೇರೆಲ್ಲೂ ನೋಡಿಲ್ಲ. ನಾವು ಬಳಸುವ ತಳಿಯ ಹೆಸರು ಬ್ಯಾಸ್ಕ್. ಇದರ ಎಕ್ಸ್ ಕ್ರೋಮೋಸೋಮ್‌ನಲ್ಲಿ ಗುರುತಿಗೆ ಎರಡು ಜೀನುಗಳಿವೆ. ಒಂದು ಕಣ್ಣನ್ನು ಕಿರಿದಾದ ಪಟ್ಟಿಯ ಹಾಗೆ ಮಾಡುತ್ತದೆ, ಇನ್ನೊಂದು ಕೆಂಪು ಬಣ್ಣವನ್ನು ತಿಳಿ ಏಪ್ರಿಕಾಟ್ ಬಣ್ಣಕ್ಕೆ ಇಳಿಸುತ್ತದೆ. ಜೊತೆಗೆ ಆ ಕ್ರೋಮೋಸೋಮ್‌ನ ತುಂಡುಗಳನ್ನು ತಲೆಕೆಳಗು ಮಾಡಿ ಜೋಡಿಸಲಾಗಿದೆ. ಅದಕ್ಕೇ ಅದು ಪಕ್ಕದ ಎಕ್ಸ್ ಜೊತೆ ತುಂಡು ಬದಲಿಸಿಕೊಳ್ಳುವುದಿಲ್ಲ.

ಇಎಂಎಸ್ ಕುಡಿದ ಗಂಡನ್ನು ಬ್ಯಾಸ್ಕ್ ಹೆಣ್ಣಿಗೆ ಕೂಡಿಸಿದೆ. ಗಂಡಿನ ಎಕ್ಸ್ ಹೋಗುವುದು ಹೆಣ್ಣುಮಕ್ಕಳಿಗೆ ಮಾತ್ರ. ಆ ಹೆಣ್ಣುಮಕ್ಕಳ ಕಣ್ಣು ಮೂತ್ರಪಿಂಡದ ಆಕಾರ, ಕೆಂಪು ಬಣ್ಣ. ಯಾವುದಾದರೂ ಮಗಳ ಕಣ್ಣು ಪಟ್ಟಿಯಂತಿದ್ದು ಏಪ್ರಿಕಾಟ್ ಬಣ್ಣ ಬಂದರೆ ಅವಳ ತಾಯಿ ಮೊದಲೇ ಬೇರೆ ಗಂಡಿನ ಜೊತೆ ಸೇರಿದ್ದಳು ಅಂತ ಅರ್ಥ. ನನ್ನ ಆರಿಸುವಿಕೆಯ ತಪ್ಪು ಹೀಗೆ ತಾನಾಗಿ ಸಿಕ್ಕಿಬೀಳುತ್ತಿತ್ತು. ಅಂಥವು ಮೂರು ಸಿಕ್ಕವು, ತೆಗೆದುಹಾಕಿದೆ.

ಆಮೇಲೆ ಒಬ್ಬೊಬ್ಬ ಮಗಳನ್ನೂ ಒಂದೊಂದು ವೈಯಲ್‌ಗೆ, ಎರಡು ಮೂರು ಬ್ಯಾಸ್ಕ್ ಗಂಡುಗಳ ಜೊತೆ. ಒಂದು ವೈಯಲ್ ಅಂದರೆ ಒಂದು ವೀರ್ಯದಿಂದ ಬಂದ ಒಂದು ಎಕ್ಸ್. 300 ವೈಯಲ್ ಇಎಂಎಸ್‌ನವು, 300 ಬರೀ ಸಕ್ಕರೆ ನೀರಿನವು.

ಎರಡು ವಾರದ ನಂತರ ಮೊಮ್ಮಕ್ಕಳು. ಗಂಡುಗಳಲ್ಲಿ ಎರಡು ಥರ ಬರಬೇಕು. ಪಟ್ಟಿ ಕಣ್ಣಿನ ಏಪ್ರಿಕಾಟ್ ಗಂಡುಗಳು ಅಜ್ಜಿಯ ಎಕ್ಸ್ ಪಡೆದವು. ದುಂಡು ಕೆಂಪು ಕಣ್ಣಿನವು ಅಜ್ಜನ ಎಕ್ಸ್ ಪಡೆದವು. ಗಂಡಿಗೆ ಇರುವುದು ಒಂದೇ ಎಕ್ಸ್. ಅಜ್ಜನ ಎಕ್ಸ್‌ನಲ್ಲಿ ಬದುಕಿಗೆ ಬೇಕೇಬೇಕಾದ ಜೀನ್ ಕೆಟ್ಟಿದ್ದರೆ ಅದನ್ನು ಪಡೆದ ಮೊಮ್ಮಗ ಹುಟ್ಟುವುದೇ ಇಲ್ಲ, ಇಲ್ಲವೇ ಬೆಳೆಯುವ ದಾರಿಯಲ್ಲೇ ಸಾಯುತ್ತಾನೆ. ವೈಯಲ್‌ನಲ್ಲಿ ದುಂಡು ಕಣ್ಣಿನ ಗಂಡು ಒಂದೂ ಇರುವುದಿಲ್ಲ.

ಹೀಗೆ ಇಲ್ಲದ್ದನ್ನು ಹುಡುಕುವ ಕೆಲಸ ತುಂಬ ಸುಸ್ತು ಮಾಡುತ್ತದೆ. ಗಡ್ಡೆ ಸಿಕ್ಕರೆ ಸಿಕ್ಕಿತು ಅನ್ನಬಹುದು. ಇಲ್ಲಿ 20 ಗಂಡು ನೋಡಿದೆ, ದುಂಡು ಕಣ್ಣಿಲ್ಲ. ಇನ್ನೆರಡು ದಿನ ಕಾದರೆ ಬರುತ್ತೇನೋ? ಮತ್ತೆ ನೋಡು. ಕೆಲವು ವೈಯಲ್‌ಗಳಲ್ಲಿ ಒಂದೋ ಎರಡೋ ಮಾತ್ರ ಬರುತ್ತಿದ್ದವು. ಅವೇ ಹೆಚ್ಚು ಕಾಡಿದ್ದು. ಇಎಂಎಸ್ ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದಕ್ಕೆ ಮಾತ್ರ ಪೆಟ್ಟು ಕೊಟ್ಟಿರುತ್ತದೆ. ಮೊಟ್ಟೆಯೊಳಗೆ ಕೋಶ ಒಡೆದು ಎರಡಾಗುತ್ತಾ ಬೆಳೆಯುವಾಗ ಒಂದು ಪಾಲು ಕೋಶಗಳಿಗೆ ತಪ್ಪು ಹೋಗುತ್ತದೆ, ಇನ್ನೊಂದು ಪಾಲಿಗೆ ಸರಿಯಾದದ್ದೇ ಹೋಗುತ್ತದೆ. ಮಗಳ ಮೈ ಬೆರಕೆ. ಅಂಥ ವೈಯಲ್‌ಗಳನ್ನು ಇನ್ನೊಂದು ತಲೆಮಾರು ನಡೆಸಿ ನೋಡಬೇಕಾಯಿತು.

ಸಕ್ಕರೆ ನೀರಿನ 300ರಲ್ಲಿ ದುಂಡು ಕಣ್ಣಿನ ಗಂಡು ಇಲ್ಲದ ವೈಯಲ್ ಒಂದೇ ಒಂದು ಬಂತು. ಇಎಂಎಸ್ ಕಡೆ ಹತ್ತಿರ ಹತ್ತಿರ ಮೂರರಲ್ಲೊಂದು. ಓದಿದ್ದೆ, ಇಷ್ಟು ಬರುತ್ತದೆ ಅಂತ ಗೊತ್ತಿತ್ತು. ಆದರೂ ಸಾಲಾಗಿ ಇಟ್ಟ ವೈಯಲ್‌ಗಳ ಮೇಲೆ ಕೆಂಪು ಗುರುತು ಹಾಕುತ್ತಾ ಹೋದಾಗ ಹೊಟ್ಟೆಯೊಳಗೆ ಏನೋ ಆಯಿತು. ಆ ಅಜ್ಜಂದಿರು ಇಎಂಎಸ್ ಕುಡಿದ ಮೇಲೂ ಚೆನ್ನಾಗಿಯೇ ಇದ್ದರು. ಹಾರಿದರು, ಹಾಡಿದರು, ಮಕ್ಕಳಾದವು. ಹೆಣ್ಣುಮಕ್ಕಳ ಮೈಮೇಲೂ ಒಂದು ಗೆರೆ ಕಾಣಲಿಲ್ಲ. ಅವರನ್ನು ನೋಡಿ ಏನಾದರೂ ಆಗಿದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ವೈಯಲ್ ನಂಬರ್ 117. ಅದರ ಕಥೆ ಹೇಳಲೆಂದೇ ಇಷ್ಟೆಲ್ಲ ಬರೆದೆ ಅಂದರೂ ತಪ್ಪಿಲ್ಲ.

ಹತ್ತನೇ ದಿನ ಉಳಿದ ವೈಯಲ್‌ಗಳ ಗೋಡೆಯ ಮೇಲೆ ಬರೀ ಕಂದು ಪ್ಯೂಪಾಗಳು, ಕೆಲವು ಒಡೆದು ನೊಣ ಹೊರಬರುತ್ತಿದ್ದವು. 117ರಲ್ಲೂ ಅಷ್ಟೇ. ಆದರೆ ಅದರ ಗೋಡೆಯ ಮೇಲೆ ಐದಾರು ಮರಿಹುಳುಗಳು ಇನ್ನೂ ತೆವಳುತ್ತಿದ್ದವು. ಲೇಟಾಗಿ ಇಟ್ಟ ಮೊಟ್ಟೆ ಇರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ನೋಡಿದೆ, ಇನ್ನೂ ತೆವಳುತ್ತಿದ್ದವು. ಉಬ್ಬಿಕೊಂಡಿದ್ದವು. ಮೈ ನೀರು ತುಂಬಿದ ಚೀಲದಂತೆ ಪಾರದರ್ಶಕ. ದುಂಡು ಕಣ್ಣಿನ ಗಂಡು ಆ ವೈಯಲ್‌ನಲ್ಲಿ ಒಂದೂ ಇರಲಿಲ್ಲ.

ಮರಿಹುಳುವನ್ನು ನೋಡಿಯೇ ಗಂಡೋ ಹೆಣ್ಣೋ ಹೇಳಬಹುದು. ಮೈಯ ಹಿಂಭಾಗದಲ್ಲಿ, ಬಿಳಿ ಕೊಬ್ಬಿನ ನಡುವೆ ಎರಡು ಕಡೆ ತಿಳಿಯಾದ ಮೊಟ್ಟೆಯಾಕಾರದ ಕಿಟಕಿ ಇದ್ದರೆ ಗಂಡು. ಅವು ವೃಷಣಗಳು. ಆರೂ ಮರಿಹುಳುಗಳನ್ನು ಒಂದೊಂದಾಗಿ ದೀಪದ ಕೆಳಗೆ ಹೊರಳಿಸಿದೆ. ಆರರಲ್ಲೂ ಕಿಟಕಿ ಇತ್ತು.

ಮೇಡಂ ಅವರನ್ನು ಕರೆದೆ. ಅವರು ಬಂದು ಕೂತು, ತುಂಬ ಹೊತ್ತು ನೋಡಿದರು. "ಬಿಡಿಸಿ ನೋಡೋಣ" ಅಂದರು, ಅಷ್ಟೇ.

ಉಪ್ಪುನೀರಿನ ಹನಿಯಲ್ಲಿ ಒಂದು ಮರಿಹುಳುವನ್ನು ಇಟ್ಟು, ಒಂದು ಫೋರ್ಸೆಪ್ಸ್‌ನಿಂದ ಬಾಯಿಯ ಕೊಕ್ಕೆ ಹಿಡಿದು, ಇನ್ನೊಂದರಿಂದ ಮೈ ಹಿಡಿದು ಮೆಲ್ಲಗೆ ಎಳೆದೆ. ಸರಿಯಿರುವ ಮರಿಹುಳುವಿನಲ್ಲಿ ರೆಕ್ಕೆಯ ಡಿಸ್ಕ್ ಸಣ್ಣ ಹನಿಯಾಕಾರದ ಹಾಳೆ. ಒಂದೇ ಪದರ, ಅಂದವಾದ ಮಡಿಕೆಗಳು, ಬೆಳಕು ಆಚೆಗೆ ಹಾಯುತ್ತದೆ. ಇದರಲ್ಲಿ ಹಾಳೆಯೇ ಇರಲಿಲ್ಲ. ಮಬ್ಬು ಬಣ್ಣದ ಗಟ್ಟಿ ಉಂಡೆ. ಪಕ್ಕದ ಡಿಸ್ಕ್‌ಗೆ ಅಂಟಿಕೊಂಡು ಎಲ್ಲಿ ಮುಗಿಯುತ್ತೆ, ಎಲ್ಲಿ ಶುರುವಾಗುತ್ತೆ ಗೊತ್ತಾಗುತ್ತಿರಲಿಲ್ಲ. ಮಡಿಕೆಗಳಿರಲಿಲ್ಲ. ಬೆಳಕು ಹಾಯುತ್ತಿರಲಿಲ್ಲ.

ಇಂಥ ದೈತ್ಯ ಮರಿಹುಳುಗಳ ಬಗ್ಗೆ ಓದಿದ್ದೆ. ಎಲಿಜಬೆತ್ ಗಾಟೆಫ್ ಮತ್ತು ಹೋವರ್ಡ್ ಷ್ನೈಡರ್ಮನ್ 1960ರ ದಶಕದ ಕೊನೆಯಲ್ಲಿ ಲೀಥಲ್ ಜೈಂಟ್ ಲಾರ್ವೆ ಅನ್ನುವ ಜೀನ್ ಕೆಟ್ಟ ಮರಿಹುಳುಗಳ ತುಂಡನ್ನು ತೆಗೆದು ಆರೋಗ್ಯವಂತ ನೊಣದ ಹೊಟ್ಟೆಗೆ ನೆಟ್ಟಿದ್ದರು. ಅದು ಅಲ್ಲೂ ಬೆಳೆದು, ಆಶ್ರಯ ಕೊಟ್ಟ ನೊಣವನ್ನೇ ಕೊಂದಿತು. ಆದರೆ ಆ ಜೀನ್ ಇರುವುದು ಎರಡನೇ ಕ್ರೋಮೋಸೋಮ್‌ನಲ್ಲಿ. ನನ್ನದು ಎಕ್ಸ್. ಎಕ್ಸ್‌ನಲ್ಲಿ ಇದೇ ಥರ ಮಾಡುವ ಇನ್ನೊಂದು ಜೀನ್ ಇದೆ, ಡಿಸ್ಕ್ಸ್ ಲಾರ್ಜ್. ಕೋಶಗಳು ತಲೆ ಯಾವುದು, ಬುಡ ಯಾವುದು ಅನ್ನುವ ದಿಕ್ಕು ಇಟ್ಟುಕೊಂಡು ಸಾಲಾಗಿ ನಿಲ್ಲಲು ಅದು ಬೇಕು. ದಿಕ್ಕು ತಪ್ಪಿದ ಕೋಶ ಒಂದರ ಮೇಲೊಂದು ಬಿದ್ದು ಬೆಳೆಯುತ್ತಲೇ ಹೋಗುತ್ತದೆ.

ನಾನು ಬೇರೆ ಬೇರೆ ಕಪಾಟಿನಲ್ಲಿಟ್ಟು ಎಣಿಸುತ್ತಿದ್ದ ಎರಡು ಸಂಗತಿಗಳು ಈ ಒಂದು ವೈಯಲ್‌ನಲ್ಲಿ ಒಟ್ಟಿಗೆ ಸಿಕ್ಕಿದ್ದವು. ಅಜ್ಜನಿಗೆ ಗಡ್ಡೆ ಇರಲಿಲ್ಲ. ತಾಯಿಗೂ ಇರಲಿಲ್ಲ. ಮೊಮ್ಮಗನ ಮೈತುಂಬ ಗಡ್ಡೆ. ಅವನು ರಾಸಾಯನಿಕದ ವಾಸನೆ ಕೂಡ ಕಂಡವನಲ್ಲ.

ಊಹೆ ಸಾಕಾಗುವುದಿಲ್ಲ, ಪರೀಕ್ಷಿಸಬೇಕು. 117ರ ಗಂಡುಗಳು ಬದುಕುವುದಿಲ್ಲ, ಹಾಗಾಗಿ ತಳಿ ಉಳಿದಿರುವುದು ಮೂತ್ರಪಿಂಡ ಕಣ್ಣಿನ ಹೆಣ್ಣುಗಳಲ್ಲಿ. ಡಿಸ್ಕ್ಸ್ ಲಾರ್ಜ್ ಕೆಟ್ಟಿದ್ದರೂ ಬದುಕಿರುವ ಗಂಡುಗಳ ಒಂದು ತಳಿ ಇದೆ. ಅವುಗಳ ವೈ ಕ್ರೋಮೋಸೋಮ್‌ಗೆ ಎಕ್ಸ್‌ನ ಆ ಸಣ್ಣ ತುಂಡಿನ ಒಳ್ಳೆಯ ಪ್ರತಿಯನ್ನು ಅಂಟಿಸಲಾಗಿದೆ. ಅದೇ ಅವುಗಳನ್ನು ಕಾಯುತ್ತದೆ. ಆ ಗಂಡುಗಳನ್ನು ತರಿಸಿ 117ರ ಹೆಣ್ಣುಗಳಿಗೆ ಕೂಡಿಸಿದೆ. ಹೆಣ್ಣುಮಕ್ಕಳಿಗೆ ವೈ ಹೋಗುವುದಿಲ್ಲ, ಕಾಯುವ ತುಂಡೂ ಹೋಗುವುದಿಲ್ಲ. ನನ್ನ ತಪ್ಪು ಬೇರೆ ಜೀನ್‌ನಲ್ಲಿದ್ದರೆ ದುಂಡು ಕಣ್ಣಿನ ಹೆಣ್ಣುಗಳೂ ಮೂತ್ರಪಿಂಡ ಕಣ್ಣಿನ ಹೆಣ್ಣುಗಳೂ ಸಮ ಸಮ ಬರಬೇಕು. ಅದೇ ಜೀನ್ ಆಗಿದ್ದರೆ ದುಂಡು ಕಣ್ಣಿನ ಹೆಣ್ಣು ಬರಬಾರದು.

ಹನ್ನೊಂದನೇ ದಿನ ಬೆಳಿಗ್ಗೆ ಮೊದಲ ಬಾಟಲಿಯನ್ನು ಪ್ಯಾಡ್ ಮೇಲೆ ಸುರಿದೆ. ಬ್ರಶ್‌ನಿಂದ ಹೆಣ್ಣುಗಳನ್ನು ಎಡಕ್ಕೆ, ಗಂಡುಗಳನ್ನು ಬಲಕ್ಕೆ ಸರಿಸಿದೆ. ಹೆಣ್ಣುಗಳ ಕಣ್ಣು ನೋಡುತ್ತಾ ಹೋದೆ. ಮೂತ್ರಪಿಂಡ. ಮೂತ್ರಪಿಂಡ. ಮೂತ್ರಪಿಂಡ. ಎರಡನೇ ಬಾಟಲಿ, ಮೂರನೇ ಬಾಟಲಿ. ನಾಲ್ಕು ದಿನ ಎಣಿಸಿದೆ. ಒಟ್ಟು 212 ಹೆಣ್ಣುಗಳು, ದುಂಡು ಕಣ್ಣಿನದು ಒಂದೂ ಇಲ್ಲ. ಬಾಟಲಿಯ ಗೋಡೆಯ ಮೇಲೆ ಉಬ್ಬಿದ, ಪಾರದರ್ಶಕ ಮರಿಹುಳುಗಳು ತೆವಳುತ್ತಿದ್ದವು. ಈ ಸಲ ಅವುಗಳಲ್ಲಿ ಕಿಟಕಿ ಇರಲಿಲ್ಲ.

117ರ ತಳಿ ಈಗಲೂ 18 ಡಿಗ್ರಿಯ ಕಪಾಟಿನ ಮೂರನೇ ಸಾಲಿನಲ್ಲಿದೆ. ತಿಂಗಳಿಗೊಮ್ಮೆ ಹೊಸ ಆಹಾರದ ವೈಯಲ್‌ಗೆ ದಾಟಿಸುತ್ತೇನೆ. ದಾಟಿಸುವಾಗ ಪ್ರತಿ ಸಲವೂ ಗಂಡುಗಳ ಕಣ್ಣು ನೋಡುತ್ತೇನೆ.